ಅಂಚಿನ ಚುಕ್ಕೆಯನ್ನು ಓದುವ ಕಸುಬು

ಉಬ್ರಾಣಿ ಸೀಮೆಯಲ್ಲಿ ಕಾಡಂಚಿಗೆ ಮೇಯಲು ಹೋದ ದನ ಹಟ್ಟಿಗೆ ಮರಳುವಾಗ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆಯನ್ನು ಹೊತ್ತು ತರುತ್ತದೆ. ಮೂರು ನಾಲ್ಕು ವಾರದ ಮೇಲೆ ಹಸುವಿಗೆ ಜ್ವರ ಬಂದರೆ ಆ ಉಣ್ಣೆಯ ನೆನಪು ಯಾರಿಗೂ ಇರುವುದಿಲ್ಲ. ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಸಗಣಿ ಗಟ್ಟಿಯಾಗುತ್ತದೆ, ವಸಡು ಬಿಳಿಚಿ ಆಮೇಲೆ ಹಳದಿಗೆ ತಿರುಗುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ಬಂದರೆ ವೈದ್ಯರಿಗೆ ಉಣ್ಣೆ ಹರಡುವ ಬೇಬಿಸಿಯಾ ರೋಗಾಣುವಿನ ಅನುಮಾನ. ಮೂತ್ರ ಕೆಂಪಾಗದೆ ರಕ್ತ ಮಾತ್ರ ಕಡಿಮೆಯಾಗುತ್ತಾ ಹೋದರೆ ಉಣ್ಣೆಯೇ ಹರಡುವ ಇನ್ನೊಂದು ರೋಗಾಣು, ಅನಾಪ್ಲಾಸ್ಮಾ, ನೆನಪಾಗಬೇಕು.

ಅನುಮಾನವನ್ನು ಖಚಿತಪಡಿಸುವ ಹಳೆಯ ಕಸುಬೊಂದಿದೆ: ರಕ್ತಲೇಪನ ಓದುವುದು. ಕಿವಿಯ ತುದಿಯ ರಕ್ತನಾಳದಿಂದ ಒಂದು ಹನಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿಯ ಅಂಚಿನಿಂದ ತೆಳುವಾಗಿ ಎಳೆಯಬೇಕು. ಗಾಳಿಯಲ್ಲಿ ಆರಿಸಿ, ಮೆಥನಾಲ್‌ನಲ್ಲಿ ಅದ್ದಿ, ಜೀಮ್ಸಾ ಬಣ್ಣ ಹಾಕಿ, ಎಣ್ಣೆ ಮಸೂರದಡಿ ಸಾವಿರ ಪಟ್ಟು ಹಿಗ್ಗಿಸಿ ನೋಡಬೇಕು. ಕೆಂಪು ರಕ್ತಕಣದ ಅಂಚಿನಲ್ಲಿ ಒಂದು ಮೈಕ್ರಾನ್‌ಗೂ ಕಿರಿದಾದ ಕಡುನೇರಳೆ ಚುಕ್ಕೆ ಕಂಡರೆ ಅದೇ ಅನಾಪ್ಲಾಸ್ಮಾ ಮಾರ್ಜಿನೇಲ್. ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಆರ್ನಾಲ್ಡ್ ಥೈಲರ್ 1910ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಬಣ್ಣದ ಕೊಳೆಯೂ ಹಾಗೆಯೇ ಕಾಣುವುದರಿಂದ ಇದಕ್ಕೆ ಪಳಗಿದ ಕಣ್ಣೇ ಬೇಕು.

ಈ ಕಣ್ಣನ್ನು ನಮ್ಮಲ್ಲಿ ಪಳಗಿಸಿದ ಮನೆಗಳಲ್ಲಿ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆ ದೊಡ್ಡದು. 1925ರಲ್ಲಿ ಮೈಸೂರು ಸಂಸ್ಥಾನ ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ವಿರುದ್ಧ ಸೀರಂ ತಯಾರಿಸಲು ಕಟ್ಟಿದ್ದು ಇದು. ಆ ದೊಡ್ಡರೋಗ ಜಗತ್ತಿನಿಂದಲೇ ಹೋಯಿತೆಂದು 2011ರಲ್ಲಿ ಘೋಷಣೆಯಾಯಿತು. ಅನಾಪ್ಲಾಸ್ಮಾಕ್ಕೆ ಮಾತ್ರ ಭಾರತದಲ್ಲಿ ಇನ್ನೂ ಲಸಿಕೆಯಿಲ್ಲ. ಯಾಕಿಲ್ಲ ಎಂಬುದರಲ್ಲೇ ಈ ಜೀವಿಯ ಸೋಜಿಗವಿದೆ.

ರೋಗಾಣುವಿನ ಹೊರಪೊರೆಯ ಪ್ರೋಟೀನುಗಳು ಅದು ತೊಟ್ಟ ಅಂಗಿಯಂತೆ. ಹಸುವಿನ ದೇಹ ಆ ಅಂಗಿಯನ್ನು ಗುರುತು ಹಿಡಿದು ದಾಳಿ ಮಾಡುವಷ್ಟರಲ್ಲಿ ರೋಗಾಣು ಅಂಗಿ ಬದಲಿಸುತ್ತದೆ. ಎಂಎಸ್‌ಪಿ2, ಎಂಎಸ್‌ಪಿ3 ಎಂಬ ಪ್ರೋಟೀನುಗಳಿಗೆ ಅದರ ಜೀನೋಮಿನಲ್ಲಿ ಅರೆಬರೆ ನಕಲುಗಳು ಕೂಡಿಟ್ಟಂತಿವೆ. ಅವುಗಳ ತುಂಡುಗಳನ್ನು ಒಂದೇ ಜಾಗಕ್ಕೆ ತಂದು ಜೋಡಿಸಿ ಹೊಸ ಹೊಸ ರೂಪ ಕಟ್ಟಿಕೊಳ್ಳುತ್ತದೆ. ಹಾಗಾಗಿ ಬದುಕುಳಿದ ಹಸುವಿನ ರಕ್ತದಲ್ಲಿ ರೋಗಾಣು ವಾರಗಳ ಲೆಕ್ಕದಲ್ಲಿ ಏರುತ್ತಾ ಇಳಿಯುತ್ತಾ ಉಳಿದೇ ಇರುತ್ತದೆ. ಹಸು ನೋಡಲು ಚೆನ್ನಾಗಿಯೇ ಇರುತ್ತದೆ, ಉಣ್ಣೆಗೆ ಮಾತ್ರ ರೋಗದ ಕಣಜವಾಗಿರುತ್ತದೆ.

ಆದರೆ ಎಲ್ಲವೂ ಬದಲಾಗುವುದಿಲ್ಲ. 2005ರಲ್ಲಿ ಅಮೆರಿಕದ ರೋಗಾಣು ತಳಿಯೊಂದರ ಇಡೀ ಜೀನೋಮ್, ಸುಮಾರು 12 ಲಕ್ಷ ಅಕ್ಷರ, ಓದಿ ಮುಗಿದ ಮೇಲೆ ಪೊರೆಯ ಹಲವು ಪ್ರೋಟೀನುಗಳು ತಳಿಯಿಂದ ತಳಿಗೆ ಹೆಚ್ಚು ಕದಲದೆ ಉಳಿದಿರುವುದು ಕಾಣತೊಡಗಿತು. ಎಂಎಸ್‌ಪಿ5 ಅಂಥದು. ಒಂದೇ ಜೀನ್, ದೂರದೇಶದ ತಳಿಗಳಲ್ಲೂ ಬಹುಪಾಲು ಅದೇ ರೂಪ. ಅದಕ್ಕೇ ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ ಅದನ್ನೇ ನೆಚ್ಚಿಕೊಂಡಿದೆ. ಚುಕ್ಕೆ ಕಣ್ಣಿಗೆ ಬೀಳದಷ್ಟು ವಿರಳವಾದಾಗಲೂ ಈ ಪರೀಕ್ಷೆ ಸುಳಿವು ಕೊಡುತ್ತದೆ. ಸಂಬಂಧಿ ಅನಾಪ್ಲಾಸ್ಮಾಗಳಲ್ಲೂ ಅದೇ ಪ್ರೋಟೀನು ಇರುವುದರಿಂದ ಯಾವ ಜಾತಿಯದೆಂದು ಅದೊಂದೇ ಹೇಳಲಾರದು. ಲಸಿಕೆಯ ಆಸೆಯೂ ಹೀಗೆ ಕದಲದ ಪ್ರೋಟೀನುಗಳ ಮೇಲೆಯೇ ನಿಂತಿದೆ.

ನನ್ನ ಮಟ್ಟಿಗೆ ಮುಖ್ಯ ಮಾತು ಇದು: ಅಮೆರಿಕದಲ್ಲಿ ಕದಲದ್ದು ಉಬ್ರಾಣಿಯ ಕಾಡಂಚಿನಲ್ಲೂ ಕದಲಿಲ್ಲವೇ ಎಂಬುದನ್ನು ಇಲ್ಲಿನ ದನಗಳ ರಕ್ತವೇ ಹೇಳಬೇಕು. ಎಚ್‌ಎಫ್ ಮಿಶ್ರತಳಿ ಹಸು ಈ ರೋಗಕ್ಕೆ ಸಾಮಾನ್ಯವಾಗಿ ಬೇಗ ಸೋಲುತ್ತದೆ, ನಾಟಿ ದನ ತಡೆದುಕೊಳ್ಳುತ್ತದೆ. ನೆರೆಯ ಅಜ್ಜಂಪುರದಲ್ಲಿ ನಾಟಿ ತಳಿಯಾದ ಅಮೃತಮಹಲ್ ಹಿಂಡೂ ಇದೆ. ಎರಡೂ ಬಗೆಯ ದನಗಳಿಂದ ಮಾದರಿ ತೆಗೆದು ರೋಗಾಣುವಿನ ಜೀನ್ ಓದಲು ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ. ಲೇಪನಗಳು ಹಳ್ಳಿಯಿಂದ ಜಿಲ್ಲಾ ಪ್ರಯೋಗಾಲಯಕ್ಕೆ, ಅಲ್ಲಿಂದ ಹೆಬ್ಬಾಳಕ್ಕೆ ತಪ್ಪದೆ ತಲುಪುವ ಏರ್ಪಾಡು ಗಟ್ಟಿಯಾಗಬೇಕು.

ಹೈನುಗಾರರಲ್ಲಿ ಒಂದು ವಿನಂತಿ. ಹಸುವಿಗೆ ಜ್ವರ ಬಂದಾಗ ಸೂಜಿ ಹಾಕಿಸುವ ಮೊದಲು ಕಿವಿಯ ರಕ್ತದ ಲೇಪನ ತೆಗೆಯಲು ವೈದ್ಯರನ್ನು ಕೇಳಿ. ಅನಾಪ್ಲಾಸ್ಮಾ ಕಂಡುಬಂದು ಆಕ್ಸಿಟೆಟ್ರಾಸೈಕ್ಲಿನ್ ಔಷಧಿ ಬೇಗ ಸಿಕ್ಕಿದರೆ ಹಸು ಸಾಮಾನ್ಯವಾಗಿ ಉಳಿಯುತ್ತದೆ. ಒಂದೇ ಸೂಜಿಯನ್ನು ಇನ್ನೊಂದು ದನಕ್ಕೆ ಬಳಸಲು ಬಿಡಬೇಡಿ, ಉಣ್ಣೆಯಿಲ್ಲದ ಕೊಟ್ಟಿಗೆಯಲ್ಲೂ ಈ ರೋಗ ಸೂಜಿಯ ಮೂಲಕ ಹರಡುತ್ತದೆ.