ಬಸುರಿ ಕುದುರೆಯ ಲಾಯದ ಲೆಕ್ಕ

ಕುಣಿಗಲ್ ಎಂದರೆ ಹಳೆ ಮೈಸೂರು ಸೀಮೆಯವರಿಗೆ ಮೊದಲು ನೆನಪಾಗುವುದು ಜನಪದ ಹಾಡಿನ ಕೆರೆ, ಆಮೇಲೆ ಕುದುರೆ ಫಾರಂ. ಹೈದರ್–ಟಿಪ್ಪು ಕಾಲದಲ್ಲಿ ದಂಡಿನ ಕುದುರೆ ಸಾಕಿದ ಜಾಗ ಅದು. 400 ಎಕರೆಗೂ ಮಿಕ್ಕ ನೆಲ. 1992ರಲ್ಲಿ ಸರ್ಕಾರ ಅದನ್ನು ವಿಜಯ್ ಮಲ್ಯ ಅವರ ಕಂಪನಿಗೆ 30 ವರ್ಷದ ಗುತ್ತಿಗೆಗೆ ಕೊಟ್ಟಿತು. ಅಲ್ಲಿನ ಮರಿಗಳು ರೇಸ್‌ಕೋರ್ಸ್‌ಗಳಲ್ಲಿ ಹೆಸರು ಮಾಡಿದ್ದು ಎಲ್ಲರಿಗೂ ಗೊತ್ತು. ಗೆದ್ದ ಕುದುರೆಯ ಬೆಲೆ ಪತ್ರಿಕೆಯಲ್ಲಿ ಬರುತ್ತದೆ, ಅದರ ತಾಯಿ ತಿಂದ ಹುಲ್ಲಿನ ಲೆಕ್ಕ ಮಾತ್ರ ಎಲ್ಲೂ ಬರುವುದಿಲ್ಲ.

ಹಸು ಬೆದೆಗೆ ಬಂದರೆ ಪಶುವೈದ್ಯರ ಬೈಕೇ ಕೊಟ್ಟಿಗೆಗೆ ಬರುತ್ತದೆ. ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗೆ ಆ ಅನುಕೂಲವಿಲ್ಲ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ರೇಸ್ ಕುದುರೆಯೆಂದು ನೋಂದಾಯಿಸುವುದೇ ಇಲ್ಲ. ಹಾಗಾಗಿ ಹೆಣ್ಣೇ ಲಾರಿ ಹತ್ತಿ ಬೀಜದ ಕುದುರೆ ಇರುವ ಫಾರಂಗೆ ಹೋಗಬೇಕು, ಗಬ್ಬ ನಿಂತಿತೆಂದು ಖಾತ್ರಿಯಾಗುವವರೆಗೆ ಅಲ್ಲೇ ಇರಬೇಕು. ಸ್ವಂತ ಜಮೀನಿಲ್ಲದ ಮಾಲೀಕರು ವರ್ಷಪೂರ್ತಿ ಅಲ್ಲೇ ಬಿಡುತ್ತಾರೆ. ಇದಕ್ಕೆ ಕೊಡುವ ದುಡ್ಡಿಗೆ ಬೋರ್ಡಿಂಗ್ ಚಾರ್ಜ್ ಎನ್ನುತ್ತಾರೆ. ನಮ್ಮ ಹಾಸ್ಟೆಲ್ ಫೀಸಿನ ಹಾಗೆ.

ಆ ಫೀಸಿನಲ್ಲಿ ದೊಡ್ಡ ಪಾಲು ಮೇವಿನದು. 500 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಒಣ ಮೇವು–ದಾಣಿ ಎಂದರೂ ವರ್ಷಕ್ಕೆ ಮೂರೂವರೆ ಟನ್ ದಾಟಿತು. ಓಟ್ಸ್, ಒಣಹುಲ್ಲು, ಹಸಿರು ಲೂಸರ್ನ್. ಈ ಲೂಸರ್ನಿಗೆ ನಮ್ಮ ರೈತರು ಇಟ್ಟ ಹೆಸರು ಕುದುರೆ ಮೆಂತೆ. ತಿನ್ನುವವರ ಹೆಸರನ್ನೇ ಸೊಪ್ಪಿಗೆ ಕೊಟ್ಟುಬಿಟ್ಟಿದ್ದಾರೆ. ಹೊಟ್ಟೆಯೊಳಗಿನ ಮರಿ ಹೆಚ್ಚು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಈದ ಮೇಲಂತೂ ದಿನಕ್ಕೆ 12ರಿಂದ 15 ಲೀಟರ್ ಹಾಲು ಇಳಿಸಬೇಕು, ಮೇವು ಒಂದೂವರೆ ಪಟ್ಟಾಗುತ್ತದೆ. ಆ ಹಾಲು ಒಂದು ಲೋಟವೂ ಡೇರಿಗೆ ಹೋಗುವಂಥದ್ದಲ್ಲ.

ಫಾರಂನಲ್ಲಿ ಟೀಸರ್ ಎಂಬ ಒಂದು ಗಂಡು ಕುದುರೆ ಇರುತ್ತದೆ. ಹೆಣ್ಣು ಬೆದೆಗೆ ಬಂದಿದೆಯೇ ಎಂದು ಬೇಲಿಯಾಚೆಯಿಂದ ಮೂಸಿ ನೋಡುವುದಷ್ಟೇ ಅದರ ಕೆಲಸ. ಬಂದಿದ್ದರೆ ಅದನ್ನು ಹಿಂದಕ್ಕೆ ಎಳೆದು ಬೆಲೆಬಾಳುವ ಗಂಡನ್ನು ತರುತ್ತಾರೆ. ಪಾಪ, ಅದರ ಹುರುಳಿಯ ಖರ್ಚೂ ಎಲ್ಲ ಮಾಲೀಕರ ಮೇಲೆ ಹಂಚಿಹೋಗುತ್ತದೆ. ಕೂಡಿಸಿದ ಎರಡು ವಾರಕ್ಕೆ ಸ್ಕ್ಯಾನಿಂಗ್. ಅವಳಿ ಕಂಡರೆ ವೈದ್ಯರು ಒಂದನ್ನು ಅಲ್ಲೇ ಹಿಸುಕಿಬಿಡುತ್ತಾರೆ, ಎರಡನ್ನು ಹೊತ್ತು ಉಳಿಸಿಕೊಳ್ಳುವ ಕುದುರೆ ಬಲು ಅಪರೂಪ.

ಗಬ್ಬದ ಅವಧಿ ಹೆಚ್ಚುಕಮ್ಮಿ 340 ದಿನ. 365ರಲ್ಲಿ ಅದನ್ನು ಕಳೆಯಿರಿ, 25 ಉಳಿಯಿತು. ವರ್ಷಕ್ಕೊಂದು ಮರಿ ಬೇಕೆಂದರೆ ಈದ 25 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ತಪ್ಪಿದರೆ ಮುಂದಿನ ಮರಿ ತಡವಾಗುತ್ತದೆ. ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1ಕ್ಕೆ ಒಂದು ವರ್ಷ ತುಂಬಿತೆಂದೇ ರೇಸಿನವರ ಲೆಕ್ಕ, ಮೇ ತಿಂಗಳ ಮರಿ ಫೆಬ್ರವರಿಯದರ ಜೊತೆ ಓಡಬೇಕು. ಗಬ್ಬವೇ ನಿಲ್ಲದೆ ಗೊಡ್ಡು ಬಿದ್ದ ವರ್ಷವೂ ಬಿಲ್ಲು ಬರುತ್ತಲೇ ಇರುತ್ತದೆ.

ಕುದುರೆ ಈಯುವುದು ಸಾಮಾನ್ಯವಾಗಿ ರಾತ್ರಿ, ಜನ ಮಲಗಿದ ಮೇಲೆ. ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಗೆ ಬರಬೇಕು. ಕಾಲು ಮಡಚಿಕೊಂಡಿದ್ದರೆ ಕೈಹಾಕಿ ಸರಿಪಡಿಸಲು ಇರುವುದು ನಿಮಿಷಗಳು. ಅದಕ್ಕೇ ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಂಡಿತೆಂದರೆ ಕುದುರೆ ನೋಡಿಕೊಳ್ಳುವ ಸೈಸ್ ಲಾಯದಲ್ಲೇ ರಾತ್ರಿ ಕಳೆಯುತ್ತಾನೆ. ಹುಟ್ಟಿದ ಒಂದು ಗಂಟೆಗೆ ಮರಿ ಎದ್ದು ನಿಂತಿತೇ, ಎರಡಕ್ಕೆ ಕೆಚ್ಚಲು ಹಿಡಿಯಿತೇ, ಮೂರಕ್ಕೆ ತಾಯಿಯ ಕಸ ಬಿತ್ತೇ ಎಂದು ಗಡಿಯಾರ ನೋಡುತ್ತ ಕೂರುವ ಕೆಲಸ. ಗಿಣ್ಣು ಹಾಲು ಸಿಗದ ಮರಿಗೆ ರೋಗದ ಎದುರು ರಕ್ಷಣೆಯೇ ಇಲ್ಲ, ಅದಕ್ಕೆಂದೇ ಬೇರೆ ಕುದುರೆಯ ಗಿಣ್ಣನ್ನು ಫ್ರೀಜರ್‌ನಲ್ಲಿ ಕಾದಿಟ್ಟಿರುತ್ತಾರೆ. ಬೋರ್ಡಿಂಗ್ ದುಬಾರಿ ಎಂದು ಗೊಣಗುವ ಮಾಲೀಕ ಫೆಬ್ರವರಿಯ ಒಂದು ರಾತ್ರಿ ಆ ಲಾಯದಲ್ಲಿ ಕೂತರೆ, ಕೊಟ್ಟದ್ದು ಹುಲ್ಲಿಗಿಂತ ಹೆಚ್ಚಾಗಿ ಯಾರದೋ ನಿದ್ದೆಗೆ ಎಂದು ತಿಳಿದೀತು.

ಲಾಳ–ಗೊರಸಿನ ಕೆಲಸ, ಜಂತುಹುಳುವಿನ ಔಷಧಿ, ಧನುರ್ವಾಯು ಲಸಿಕೆ ಇವೆಲ್ಲ ಬೇರೆ ಬೇರೆ ಬಾಬ್ತು.

ಐದಾರು ತಿಂಗಳಿಗೆ ಮರಿಯನ್ನು ಹಾಲು ಬಿಡಿಸಿ ಬೇರೆ ಲಾಯಕ್ಕೆ ಕಟ್ಟುತ್ತಾರೆ. ಒಂದೆರಡು ದಿನ ಎರಡೂ ಕಡೆ ಕೆನೆತ. ಅಷ್ಟರಲ್ಲಿ ತಾಯಿ ಮುಂದಿನ ಮರಿಯ ಐದು ತಿಂಗಳ ಬಸುರಿ. ಓಟಕ್ಕೆ ಇಳಿಯಲು ಈ ಮರಿಗಿನ್ನೂ ವರ್ಷದ ಮೇಲೆ ಬೇಕು, ಅದಕ್ಕೆ ಹೆಸರೂ ಇಟ್ಟಿಲ್ಲ. ಆ ತಿಂಗಳಿನಿಂದ ಬಿಲ್ಲಿನಲ್ಲಿ ತಾಯಿಯ ಹೆಸರಿನ ಕೆಳಗೆ ಹೊಸದೊಂದು ಸಾಲು ಸೇರುತ್ತದೆ: ಇಂಥವಳ ಮರಿ, ಒಂದು.