ಗ್ಲೈಡರಿಗೊಂದು ಊರುಗೋಲು

ಬೇಸಿಗೆಯ ನಡುಹಗಲಿನಲ್ಲಿ ಸವಣೂರು, ಶಿಗ್ಗಾವಿಗಳ ಕಡೆಯ ಎರೆಹೊಲಗಳ ಮೇಲೆ ಹದ್ದುಗಳು ಸುತ್ತುವುದನ್ನು ನಾವೆಲ್ಲರೂ ಕಂಡಿದ್ದೇವೆ. ರೆಕ್ಕೆಯನ್ನು ಬಡಿಯದೆ, ಸುತ್ತುಸುತ್ತಾಗಿ ತೇಲುತ್ತ, ನೋಡನೋಡುತ್ತಿದ್ದಂತೆಯೇ ಅವು ಚುಕ್ಕೆಯಷ್ಟಾಗಿ ಮೇಲೇರುತ್ತವೆ. ಇದರ ಗುಟ್ಟು ನೆಲದ ಕಾವಿನಲ್ಲಿದೆ. ಒಣಗಿದ ಕರಿಯ ನೆಲವು ಬಿಸಿಲನ್ನು ಹೀರಿ ಬೇಗನೆ ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ, ಕಂಬದಂತೆ ಮೇಲೇಳುತ್ತದೆ. ಹಾನಗಲ್ಲಿನ ಕೆರೆಗಳೂ ನೀರು ನಿಂತ ಗದ್ದೆಗಳೂ ಅಷ್ಟು ಬೇಗ ಕಾಯವು. ಹಗಲಿನಲ್ಲಿ ಅವುಗಳ ಮೇಲೆ ಏರುಗಾಳಿ ಕ್ಷೀಣವಾಗಿರುತ್ತದೆ.

ಈ ಏರುಗಾಳಿಯನ್ನೇ ನಂಬಿ ಹಾರುವ, ಎಂಜಿನ್ನಿಲ್ಲದ ವಿಮಾನಕ್ಕೆ ಗ್ಲೈಡರ್ ಎಂದು ಹೆಸರು. ನೀಳವಾದ ಕಿರಿಯಗಲದ ರೆಕ್ಕೆ, ನುಣುಪಾದ ಮೈ ಇದರ ಲಕ್ಷಣಗಳು. ನಮ್ಮ ದೇಶದಲ್ಲಿಯೇ ರೂಪುಗೊಂಡ ‘ರೋಹಿಣಿ’ ಎಂಬ ಗ್ಲೈಡರು 1961ರಲ್ಲಿ ಮೊದಲ ಬಾರಿಗೆ ಹಾರಿತು. ಇಂದಿನ ಉತ್ತಮ ಗ್ಲೈಡರು ನಿಶ್ಚಲವಾದ ಗಾಳಿಯಲ್ಲಿ 1 ಕಿಲೋಮೀಟರು ಇಳಿಯುವಷ್ಟರಲ್ಲಿ ಸಾಮಾನ್ಯವಾಗಿ 40ರಿಂದ 50 ಕಿಲೋಮೀಟರು ಮುಂದೆ ಸಾಗಬಲ್ಲದು. ಹಾನಗಲ್ಲಿನ ಮೇಲೆ ಅಷ್ಟು ಎತ್ತರದಲ್ಲಿರುವ ಗ್ಲೈಡರಿಗೆ ಶಿಗ್ಗಾವಿ ಎಟುಕುವ ದೂರ. ಆದರೆ ಹಿರೇಕೆರೂರಿನಿಂದ ಸವಣೂರನ್ನು ಸೇರಬೇಕಾದರೆ ದಾರಿಯಲ್ಲಿ ಇನ್ನೊಂದು ಏರುಗಾಳಿ ದೊರೆಯಬೇಕು.

ದೊರೆಯದಿದ್ದರೆ? ಚಾಲಕನು ಕಣ್ಣಿಗೆ ಬಿದ್ದ ಬಯಲಿನಲ್ಲಿ ಇಳಿಯಲೇಬೇಕು. ಅಲ್ಲಿ ಪೈರು ನಿಂತಿದ್ದರೆ ರೈತನಿಗೆ ನಷ್ಟ. ಕಲ್ಲು, ಬದುಗಳಿದ್ದರೆ ಚಾಲಕನ ಜೀವಕ್ಕೇ ಅಪಾಯ. ಗ್ಲೈಡರನ್ನು ಆರಂಭದಲ್ಲಿ ಮೇಲಕ್ಕೇರಿಸುವುದೂ ಸುಲಭವಲ್ಲ. ನೆಲದ ಮೇಲಿನ ಯಂತ್ರವೊಂದು ಹಗ್ಗದಿಂದ ಎಳೆಯಬೇಕು, ಇಲ್ಲವೆ ಬೇರೊಂದು ವಿಮಾನವು ಅದನ್ನು ಕಟ್ಟಿಕೊಂಡು ಹೋಗಬೇಕು.

ಈ ತೊಡಕುಗಳ ಪರಿಹಾರಕ್ಕಾಗಿ ಕೆಲವು ಗ್ಲೈಡರುಗಳಿಗೆ ಸಣ್ಣ ಪೆಟ್ರೋಲ್ ಎಂಜಿನ್ನನ್ನು ಜೋಡಿಸಿದರು. ಅದರಲ್ಲಿ ಗದ್ದಲವೂ ನಡುಕವೂ ಹೆಚ್ಚು. ಮೇಲಿನ ಚಳಿಯಲ್ಲಿ ಗಂಟೆಗಟ್ಟಲೆ ಸುಮ್ಮನಿದ್ದ ಎಂಜಿನ್ನು, ನೆಲ ಹತ್ತಿರವಾಗಿ ನೆರವು ಬೇಕಾದ ಗಳಿಗೆಯಲ್ಲಿಯೇ ಹೊತ್ತದೆ ಹೋಗುವುದುಂಟು. ಆಗ ಹೊರಚಾಚಿದ ಅದರ ಪಂಖವು ಗಾಳಿಗೆ ಅಡ್ಡವಾಗಿ ಗ್ಲೈಡರನ್ನು ಇನ್ನಷ್ಟು ಬೇಗ ಕೆಳಗಿಳಿಸುತ್ತದೆ.

ವಿದ್ಯುತ್ ಮೋಟಾರಾದರೋ ಗುಂಡಿ ಒತ್ತಿದೊಡನೆ ತಿರುಗುತ್ತದೆ. 1973ರ ಅಕ್ಟೋಬರಿನಲ್ಲಿ ಆಸ್ಟ್ರಿಯದ ವೆಲ್ಸ್ ಎಂಬಲ್ಲಿ ಮೋಟಾರ್ ಗ್ಲೈಡರೊಂದು ಬ್ಯಾಟರಿಯ ಬಲದಿಂದ ಮನುಷ್ಯನನ್ನು ಹೊತ್ತು ಸುಮಾರು 9 ನಿಮಿಷ ಹಾರಿತು. ಅಂದಿನ ನಿಕ್ಕಲ್-ಕ್ಯಾಡ್ಮಿಯಮ್ ಬ್ಯಾಟರಿಗಳು ಬಲು ಭಾರ. ಲಿಥಿಯಮ್ ಬ್ಯಾಟರಿಗಳು ಬಂದ ಮೇಲೆ ದಾರಿ ತೆರೆಯಿತು. ತನ್ನ ಬಲದಿಂದಲೇ ನೆಲ ಬಿಟ್ಟೇಳುವ ಜರ್ಮನಿಯ ‘ಅಂಟಾರೆಸ್ 20ಇ’ ಎಂಬ ವಿದ್ಯುತ್ ಗ್ಲೈಡರಿಗೆ 2006ರಲ್ಲಿ ಯುರೋಪಿನ ಅಧಿಕೃತ ಮಾನ್ಯತೆ ದೊರೆಯಿತು. ಸ್ಲೊವೇನಿಯದ ತಂತ್ರಜ್ಞರು ಮೋಟಾರನ್ನು ಗ್ಲೈಡರಿನ ಮೂತಿಯಲ್ಲಿಯೇ ಇರಿಸಿದರು. ಅದು ನಿಂತಾಗ ಪಂಖದ ಅಲಗುಗಳು ಹಿಂದಕ್ಕೆ ಮಡಿಚಿ ಮೈಗೆ ಅಂಟಿಕೊಳ್ಳುತ್ತವೆ.

ಆದರೂ ಹಾರಾಟಗಾರರು ಇದನ್ನು ಒಮ್ಮೆಲೇ ಒಪ್ಪಲಿಲ್ಲ. ಅವರ ಶಂಕೆಗಳಿಗೆ ಕಾರಣಗಳಿದ್ದವು. ಒಂದು ಕಿಲೋಗ್ರಾಮ್ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದೆ. ಅದೇ ತೂಕದ ಲಿಥಿಯಮ್ ಬ್ಯಾಟರಿಯಲ್ಲಿ ಯೂನಿಟ್ಟಿನ ಕಾಲುಭಾಗವೂ ಕಷ್ಟ. ಬೆಂಕಿಯ ಭಯ ಇನ್ನೊಂದು. 2017ರಲ್ಲಿ ಇಂಗ್ಲೆಂಡಿನಲ್ಲಿ ಗ್ಲೈಡರೊಂದು ನೆಲಕ್ಕಿಳಿಯುವಾಗ ಅದರ ಬ್ಯಾಟರಿ ಹೊತ್ತಿಕೊಂಡಿತು, ಚಾಲಕನು ಪಾರಾದನು. ಆ ಬಳಿಕ ಬ್ಯಾಟರಿಗಳ ರಚನೆ, ತಪಾಸಣೆಗಳು ಬಿಗಿಯಾದವು. ಮೂರನೆಯ ಆಕ್ಷೇಪ ಮನಸ್ಸಿಗೆ ಸಂಬಂಧಿಸಿದ್ದು: ಮೋಟಾರನ್ನು ನೆಚ್ಚಿದವನು ಗಾಳಿಯನ್ನು ಓದುವ ವಿದ್ಯೆಯನ್ನು ಮರೆಯುವುದಿಲ್ಲವೆ? ಸ್ಪರ್ಧೆಯ ನಿಯಮಗಳು ಇದಕ್ಕೆ ಉತ್ತರ ಕೊಟ್ಟಿವೆ. ಮೋಟಾರು ತಿರುಗಿದ ಕ್ಷಣವು ಉಪಕರಣದಲ್ಲಿ ದಾಖಲಾಗುತ್ತದೆ. ಅಲ್ಲಿಗೆ ಆ ದಿನದ ತೇಲುಹಾರಾಟ ಮುಗಿದಂತೆಯೇ ಲೆಕ್ಕ.

ಹಾನಗಲ್ಲಿನ ರೈತನ ನಡೆಯಿಂದ ಈ ವಿಷಯವು ಸ್ಪಷ್ಟವಾದೀತು. ಮುಂಗಾರನ್ನು ನಂಬಿ ಅವನು ಬಿತ್ತುತ್ತಾನೆ. ಮಳೆ ಕೈಕೊಟ್ಟಾಗ, ಒಣಗುವ ಪೈರನ್ನು ಉಳಿಸಿಕೊಳ್ಳಲು ಕೊಳವೆಬಾವಿಯ ಪಂಪನ್ನು ಚಾಲೂ ಮಾಡುತ್ತಾನೆ. ಪಂಪಿದೆಯೆಂದು ಯಾರೂ ಅವನ ಬೇಸಾಯವನ್ನು ಹಳಿಯುವುದಿಲ್ಲ. ಆದರೆ ಪಂಪೊಂದನ್ನೇ ನೆಚ್ಚಿ ಮಳೆಯ ಲೆಕ್ಕವನ್ನೇ ಬಿಟ್ಟವನು, ಬಾವಿ ಬತ್ತಿದ ದಿನ ಕೆಡುತ್ತಾನೆ. ವಿವೇಕಿಯಾದ ಗ್ಲೈಡರ್ ಚಾಲಕನೂ ಹಾಗೆಯೇ. ಇಳಿಯಲು ತಕ್ಕ ಬಯಲೊಂದು ಎಟುಕಿನಲ್ಲಿರುವಾಗ ಮಾತ್ರ ಅವನು ಮೋಟಾರಿನ ಗುಂಡಿಗೆ ಕೈಹಾಕುತ್ತಾನೆ.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಅಭಿವೃದ್ಧಿಪಡಿಸುತ್ತಿರುವ ವಿದ್ಯುತ್ ಚಾಲಿತ ‘ಹಂಸ’ ತರಬೇತಿ ವಿಮಾನದ ಸುದ್ದಿಯನ್ನು ಕೇಂದ್ರ ಸರ್ಕಾರವು 2025ರಲ್ಲಿ ಪ್ರಕಟಿಸಿತು. ಹಗುರವಾದ ಮೈ, ಕಡಮೆ ಶಕ್ತಿಯಲ್ಲಿ ಹೆಚ್ಚು ದೂರ ಎಂಬ ಗ್ಲೈಡರಿನ ಪಾಠವು ಇಂತಹ ವಿಮಾನಗಳಿಗೂ ಬೇಕಾದುದೇ. ಬ್ಯಾಟರಿಯ ಬಲ ಎಷ್ಟೇ ಬೆಳೆಯಲಿ, ಮೋಡವನ್ನೂ ನೆಲವನ್ನೂ ಗಾಳಿಯನ್ನೂ ಅರಿತು ಹಾರುವವನಿಗೆ ಮಾತ್ರ ಅದು ನಿಜವಾದ ನೆರವಾಗುತ್ತದೆ.