ನಿಮಗಿದು ಗೊತ್ತೇ? ಸೋರುವ ಅಣೆಕಟ್ಟು, ನೀರಿಳಿಸುವ ಜಗಳ

ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ಕಾಳಮ್ಮವಾಡಿ ಅಣೆಕಟ್ಟಿನಲ್ಲಿ ಕರ್ನಾಟಕದ ಪಾಲೂ ಇದೆ. ದೂಧಗಂಗಾ ಹೊಳೆಗೆ ಕಟ್ಟಿದ ಈ ಜಲಾಶಯ ಎರಡು ರಾಜ್ಯಗಳ ಜಂಟಿ ಯೋಜನೆ. ಸಾಮರ್ಥ್ಯ 25.39 ಟಿಎಂಸಿ. ಅದರಲ್ಲಿ 4 ಟಿಎಂಸಿ ನಮ್ಮದು. ಈ ಅಣೆಕಟ್ಟು ಸೋರುತ್ತಿದೆ ಎಂಬುದು ಕೆಲವು ವರ್ಷಗಳಿಂದ ಅಲ್ಲಿನ ದೊಡ್ಡ ಸುದ್ದಿ. ದುರಸ್ತಿಗಾಗಿ ನೀರು ಇಳಿಸಿ ಎನ್ನುವವರು ಒಂದು ಕಡೆ, ಇಳಿಸಿದರೆ ಬೇಸಗೆಯಲ್ಲಿ ಕಬ್ಬಿಗೆ ಏನು ಗತಿ ಎನ್ನುವವರು ಇನ್ನೊಂದು ಕಡೆ. ಇಬ್ಬರ ಭಯವೂ ನಿಜವಾದದ್ದೇ.

ಒಂದು ಹನಿಯೂ ಸೋರದ ಅಣೆಕಟ್ಟು ಎಲ್ಲೂ ಇಲ್ಲ. ದೊಡ್ಡ ಕಲ್ಲುಗಾರೆ ಅಣೆಕಟ್ಟುಗಳ ಒಳಗೆ ಗ್ಯಾಲರಿ ಎಂಬ ಸುರಂಗವಿರುತ್ತದೆ. ಒಸರಿದ ನೀರು ಅಲ್ಲಿನ ಚರಂಡಿಗೆ ಇಳಿಯುತ್ತದೆ. ಚರಂಡಿಗೆ ಅಡ್ಡಲಾಗಿ ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡು ನಿಲ್ಲಿಸಿರುತ್ತಾರೆ. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತಿದೆ ಎಂದು ಅಳೆದರೆ ಸೆಕೆಂಡಿಗೆ ಎಷ್ಟು ಲೀಟರ್ ಸೋರುತ್ತಿದೆ ಎಂಬ ಲೆಕ್ಕ ಕೈಗೆ ಸಿಗುತ್ತದೆ. ಜಲಾಶಯದ ಮಟ್ಟ ಅಷ್ಟೇ ಇದ್ದು, ಸೋರಿಕೆ ಮಾತ್ರ ವರ್ಷದಿಂದ ವರ್ಷಕ್ಕೆ ಏರಿದರೆ ಎಚ್ಚರವಾಗಬೇಕು. ಗೋಡೆಯ ಮೇಲೆ ಬಿಳಿ ಪಟ್ಟೆ ಮೂಡಿದ್ದರೆ, ನೀರು ಗಾರೆಯೊಳಗಿನ ಸುಣ್ಣವನ್ನು ಕರಗಿಸಿ ಹೊತ್ತು ತರುತ್ತಿದೆ ಎಂದರ್ಥ. ಇದಕ್ಕೆ ಮದ್ದು ಗ್ರೌಟಿಂಗ್: ಮೇಲಿನಿಂದ ರಂಧ್ರ ಕೊರೆದು ಸಿಮೆಂಟಿನ ತಿಳಿಯನ್ನು ಒತ್ತಡದಲ್ಲಿ ತುಂಬುವುದು. ಹರಿಯುವ ನೀರಿನಲ್ಲಿ ಆ ಸಿಮೆಂಟು ಕೊಚ್ಚಿ ಹೋಗುತ್ತದೆ. ನೀರಿನ ಕಡೆಯ ಮುಖದ ಸಂದುಗಳನ್ನು ಮುಚ್ಚಬೇಕಾದರೂ ಆ ಮುಖ ಹೊರಗೆ ಕಾಣಬೇಕು. ನೀರಿಳಿಸುವ ಮಾತು ಬರುವುದು ಹೀಗೆ.

ಮಣ್ಣಿನ ಕಟ್ಟೆಯಾದರೆ ಸೋರಿಕೆಯ ಬಣ್ಣ ನೋಡಬೇಕು. ತಿಳಿನೀರಾದರೆ ಸ್ವಲ್ಪ ನಿರಾಳ. ಕೆಸರುನೀರು ಬಂತೆಂದರೆ ಕಟ್ಟೆಯ ಮಣ್ಣೇ ಒಳಗಿನಿಂದ ಕೊರೆದು ಹೋಗುತ್ತಿದೆ. ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಹಲವರ ಜೀವ ಹೋಯಿತು. ಕಟ್ಟೆ ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು.

ನೀರಿಳಿಸಲು ಎಷ್ಟು ಕಾಲ ಬೇಕು? 1 ಟಿಎಂಸಿ ನೀರನ್ನು ಒಂದೇ ದಿನದಲ್ಲಿ ಹೊರಬಿಡಬೇಕಾದರೆ 24 ಗಂಟೆಯೂ 11,574 ಕ್ಯುಸೆಕ್ ಹರಿಯಬೇಕು. ತುಂಬಿದ ಕಾಳಮ್ಮವಾಡಿಯನ್ನು 5,000 ಕ್ಯುಸೆಕ್‌ನಂತೆ ಬರಿದು ಮಾಡಲು, ಒಳಹರಿವು ಇಲ್ಲದಿದ್ದರೂ, ಸುಮಾರು ಎರಡು ತಿಂಗಳು ಬೇಕು.

ಅವಸರದಿಂದ ಖಾಲಿ ಮಾಡುವುದೂ ಅಪಾಯವೇ. ಜಲಾಶಯದ ನೀರು ಸರಸರ ಇಳಿದರೂ ಮಣ್ಣಿನ ಕಟ್ಟೆಯ ಒಳಗಿನ ತೇವ ಅಷ್ಟು ಬೇಗ ಇಳಿಯುವುದಿಲ್ಲ. ಹೊರಗಿನಿಂದ ಒತ್ತಿ ಹಿಡಿಯುವ ನೀರಿಲ್ಲದೆ ಇಳಿಜಾರು ಕುಸಿಯಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಅಣೆಕಟ್ಟಿನಲ್ಲಿ 1981ರಲ್ಲಿ ಆದದ್ದು ಇದೇ.

ನೀರು ಪೂರ್ತಿ ಇಳಿಸದೆಯೂ ದುರಸ್ತಿ ಮಾಡಿದ್ದುಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಜಲಾಶಯ ತುಂಬಿತ್ತು. ಸುಮಾರು 60 ಟಿಎಂಸಿ ನೀರು ಖಾಲಿಯಾಗದೆ ದುರಸ್ತಿ ಸಾಧ್ಯವಿಲ್ಲ ಎಂಬ ಮಾತು ಮೊದಲು ಬಂತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಅಡ್ಡತಡೆಯ ತುಂಡುಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದೊಳಗೆ ಬಾಗಿಲು ಮುಚ್ಚಿದರು. ಆ ಕೆಲಸಗಾರರ ಎದೆಗಾರಿಕೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ಮರುವರ್ಷ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು.

ಕಾಳಮ್ಮವಾಡಿಯ ನೀರಿಗೆ ಇನ್ನೊಂದು ಜಗಳವೂ ಇದೆ. ನೇಕಾರರ ಊರು ಇಚಲಕರಂಜಿ ನಿಂತಿರುವುದು ಪಂಚಗಂಗೆಯ ದಂಡೆಯಲ್ಲಿ. ಆ ಹೊಳೆ ಕೆಟ್ಟುಹೋಗಿರುವುದರಿಂದ ಊರು ಕುಡಿಯುವ ನೀರಿಗೆ ಸುಳಕೂಡದ ಹತ್ತಿರ ದೂಧಗಂಗೆಯ ನೀರನ್ನು ಕೇಳುತ್ತಿದೆ. ಕಾಗಲ ಕಡೆಯ ರೈತರು ಬೇಡವೆನ್ನುತ್ತಾರೆ. ಕಾಳಮ್ಮವಾಡಿಯಲ್ಲಿ ನೀರು ಕಡಿಮೆ ನಿಂತಷ್ಟೂ ಈ ಜಗಳ ಬಿಗಿಯಾಗುತ್ತದೆ.

ಕಾಳಮ್ಮವಾಡಿಯ ತಾಲ್ಲೂಕಿನಲ್ಲೇ ಇರುವ ರಾಧಾನಗರಿ ಅಣೆಕಟ್ಟಿನ ಕೆಲಸ ಶುರು ಮಾಡಿಸಿದವರು ರಾಜರ್ಷಿ ಶಾಹೂ ಮಹಾರಾಜರು. ಅದರ ಏಳು ಬಾಗಿಲುಗಳಿಗೆ ವಿದ್ಯುತ್ತೂ ಬೇಡ, ಆಳೂ ಬೇಡ. ನೀರು ಮಟ್ಟ ಮುಟ್ಟಿದರೆ ತಾವೇ ತೆರೆಯುತ್ತವೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಬಾಗಿಲುಗಳನ್ನು ಪುಣೆಯ ಖಡಕವಾಸಲಾದಲ್ಲಿ 1903ರಲ್ಲೇ ಕೂರಿಸಿದ್ದರು.

ನೀರಿಳಿಸುವ ಜಗಳ ಕಾಳಮ್ಮವಾಡಿಗಷ್ಟೇ ಸೀಮಿತವಲ್ಲ. ಮಳೆಗಾಲ ಬಂತೆಂದರೆ ಕರ್ನಾಟಕದ ಆಲಮಟ್ಟಿ ಜಲಾಶಯದ ನೀರು ಇಳಿಸಿ ಎಂಬ ಕೂಗು ಕೊಲ್ಹಾಪುರ, ಸಾಂಗಲಿಗಳಿಂದ ಏಳುತ್ತದೆ. 2019ರ ಮಹಾಪೂರದ ಬಳಿಕ ಮಹಾರಾಷ್ಟ್ರವೇ ನೇಮಿಸಿದ ವಡನೇರೆ ಸಮಿತಿ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದಿತು. ಕೂಗು ನಿಂತಿಲ್ಲ.

2021ರ ಡಿಸೆಂಬರ್ 29ರಂದು ರಾಧಾನಗರಿಯ ಆ ಏಳು ಬಾಗಿಲುಗಳಲ್ಲದ ಇನ್ನೊಂದು ಗೇಟು, ದುರಸ್ತಿ ನಡೆಯುತ್ತಿದ್ದಾಗಲೇ, ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡು ಚಳಿಗಾಲದ ಭೋಗಾವತಿ ಹೊಳೆ ಹಠಾತ್ತನೆ ಏರಿತು. ಮರುದಿನವೇ, ಡಿಸೆಂಬರ್ 30ರಂದು, ದೇಶದ ಅಣೆಕಟ್ಟು ಸುರಕ್ಷತಾ ಕಾಯ್ದೆ ಜಾರಿಗೆ ಬಂತು. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ತಪಾಸಣೆ ಮಾಡಬೇಕು, ತುರ್ತು ಕ್ರಿಯಾ ಯೋಜನೆ ಇರಬೇಕು ಎನ್ನುತ್ತದೆ ಅದು. ಕಾಳಮ್ಮವಾಡಿಯ ‘ವಿ’ ಕಚ್ಚಿನ ಅಳತೆ ದೂಧಗಂಗೆಯ ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲೂ ಮರಾಠಿ, ಕನ್ನಡ ಎರಡರಲ್ಲೂ ಕಾಣಬೇಕು ಎಂಬುದು ಈ ಅಂಕಣದ ಬೇಡಿಕೆ.